ಓದುಗರ ಪ್ರಶ್ನೋತ್ತರ: ಕಾರ್ಡ್ ಹೊಸದು, ಆಟ ಮಾತ್ರ ಹಳೆಯ ವೇಗದಲ್ಲೇ

ಈ ತಿಂಗಳು ಕಂಪ್ಯೂಟರ್ ಆಟಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮುಂಬಯಿ, ಪುಣೆ ಮತ್ತು ಗೋವೆಯ ಕನ್ನಡಿಗರವು. ಅವುಗಳಲ್ಲಿ ಬಹುಪಾಲು ಪ್ರೊಸೆಸರ್ ಆಯ್ಕೆಯ ಸುತ್ತಲೇ ಇವೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯ ಪತ್ರಕ್ಕೆ ಕೊಟ್ಟ ಉತ್ತರವನ್ನು ಉಳಿದವರೂ ಓದಬೇಕೆಂದು ಕೋರುತ್ತೇನೆ, ಏಕೆಂದರೆ ಮುಂದಿನ ಉತ್ತರಗಳು ಅದನ್ನೇ ಆಧರಿಸಿವೆ.

ಪ್ರಶ್ನೆ: ನನ್ನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮನೆಯ ಕಂಪ್ಯೂಟರಿನಲ್ಲಿ ಇಂಟೆಲ್ ಐ3-10100 ಪ್ರೊಸೆಸರ್ ಇದೆ. ದೀಪಾವಳಿಯ ಹೊತ್ತಿಗೆ ಲ್ಯಾಮಿಂಗ್ಟನ್ ರಸ್ತೆಯಿಂದ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿಸಿದೆವು. ಮಾನಿಟರ್ 1080ಪಿ (1920x1080 ಚುಕ್ಕೆಗಳದು), 144 ಹರ್ಟ್ಸ್‌ನದು (ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವಂಥದ್ದು). ಆದರೂ ‘ಸೈಬರ್‌ಪಂಕ್ 2077’ ಆಡುವಾಗ ಜನ ತುಂಬಿದ ಬೀದಿಗಳಲ್ಲಿ ಚಿತ್ರ ತಡೆತಡೆದು ಓಡುತ್ತದೆ. ಗ್ರಾಫಿಕ್ಸ್ ಗುಣಮಟ್ಟವನ್ನು ಪೂರ್ತಿ ಇಳಿಸಿದರೂ ಸುಧಾರಣೆ ಇಲ್ಲ. ಕಾರ್ಡಿನಲ್ಲಿ ದೋಷವಿರಬಹುದೇ? (ಡೊಂಬಿವಲಿಯ ಓದುಗರು)

ಉತ್ತರ: ಕಾರ್ಡಿನಲ್ಲಿ ದೋಷವಿರುವ ಸಂಭವ ತೀರಾ ಕಡಿಮೆ, ಮತ್ತು ಅದಕ್ಕೆ ಸಾಕ್ಷ್ಯ ನಿಮ್ಮ ಪತ್ರದಲ್ಲಿಯೇ ಇದೆ. ಗುಣಮಟ್ಟ ಇಳಿಸಿದರೆ ಹಗುರವಾಗುವುದು ಕಾರ್ಡಿನ ಹೊರೆ. ಹೊರೆ ಇಳಿದ ಮೇಲೂ ವೇಗ ಏರಲಿಲ್ಲವೆಂದರೆ ತಡೆ ಬೇರೆ ಕಡೆ ಇದೆಯೆಂದು ತಿಳಿಯಬೇಕು.

ಆಟದ ಪ್ರತಿಯೊಂದು ಫ್ರೇಮ್, ಅಂದರೆ ತೆರೆಯ ಮೇಲೆ ಮೂಡುವ ಒಂದೊಂದು ಚಿತ್ರ, ತಯಾರಾಗುವಾಗ ಮೊದಲ ಪಾಲಿನ ಕೆಲಸ ಪ್ರೊಸೆಸರಿನದು. ಮೌಸ್ ಮತ್ತು ಕೀಲಿಮಣೆಯಿಂದ ಬಂದ ಸೂಚನೆಯನ್ನು ಓದುವುದು, ಬೀದಿಯಲ್ಲಿರುವ ಒಬ್ಬೊಬ್ಬ ಪಾದಚಾರಿಯೂ ಒಂದೊಂದು ವಾಹನವೂ ಯಾವ ಕಡೆ ಚಲಿಸಬೇಕೆಂದು ತೀರ್ಮಾನಿಸುವುದು, ಯಾವುದು ಯಾವುದಕ್ಕೆ ಡಿಕ್ಕಿ ಹೊಡೆಯಿತೆಂದು ಲೆಕ್ಕ ಹಾಕುವುದು, ಕೊನೆಗೆ ಏನೇನು ಬಿಡಿಸಬೇಕೆಂಬ ಆದೇಶಗಳ ಪಟ್ಟಿಯನ್ನು ಸಿದ್ಧಪಡಿಸಿ ಕಾರ್ಡಿಗೆ ಒಪ್ಪಿಸುವುದು, ಇವೆಲ್ಲ ಮುಗಿದ ಮೇಲಷ್ಟೇ ಕಾರ್ಡ್ ಬಣ್ಣ ತುಂಬಲು ತೊಡಗುತ್ತದೆ. ಒಂದು ಫ್ರೇಮನ್ನು ಕಾರ್ಡ್ ಬಿಡಿಸುತ್ತಿರುವಾಗಲೇ ಪ್ರೊಸೆಸರ್ ಮುಂದಿನದನ್ನು ಅಣಿಗೊಳಿಸುತ್ತಿರುತ್ತದೆಯಾದ್ದರಿಂದ, ಇಬ್ಬರಲ್ಲಿ ಯಾರು ನಿಧಾನವೋ ಅವರ ವೇಗವೇ ಆಟದ ವೇಗವಾಗುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದಕ್ಕೆ ಸಿಗುವ ಕಾಲಾವಕಾಶ ಸುಮಾರು 16.7 ಮಿಲಿಸೆಕೆಂಡು, 144 ಬೇಕಾದರೆ 6.9 ಮಿಲಿಸೆಕೆಂಡು ಮಾತ್ರ. ಸಂದಣಿಯ ಬೀದಿಯಲ್ಲಿ ನಿಮ್ಮ ಪ್ರೊಸೆಸರ್ ಒಂದು ಫ್ರೇಮಿಗೆ 20 ಮಿಲಿಸೆಕೆಂಡು ತೆಗೆದುಕೊಂಡರೆ ಎಂಥ ದುಬಾರಿ ಕಾರ್ಡ್ ಹಾಕಿದರೂ 50 ಫ್ರೇಮಿಗಿಂತ ಹೆಚ್ಚು ಬರುವುದಿಲ್ಲ. ಕಾರ್ಡ್ ಕೈಕಟ್ಟಿ ಕಾಯುತ್ತಿರುತ್ತದೆ.

ಇದನ್ನು ನಿಮ್ಮ ಮಗ ಮನೆಯಲ್ಲಿಯೇ ಪರೀಕ್ಷಿಸಬಹುದು. ‘ಎಂಎಸ್‌ಐ ಆಫ್ಟರ್‌ಬರ್ನರ್’ ತಂತ್ರಾಂಶವನ್ನು ಹಾಕಿಕೊಂಡು, ಆಟದಲ್ಲಿ ತೊಂದರೆ ಕೊಡುವ ಬೀದಿಯ ಒಂದೇ ಜಾಗದಲ್ಲಿ ನಿಂತು, ಫ್ರೇಮ್ ಸಂಖ್ಯೆಯನ್ನೂ ಕಾರ್ಡಿನ ಬಳಕೆಯ ಶೇಕಡಾವಾರನ್ನೂ ಬರೆದುಕೊಳ್ಳಲಿ. ಬಳಿಕ ರೆಸಲ್ಯೂಷನ್ನನ್ನು (ಚಿತ್ರದ ಚುಕ್ಕೆಗಳ ಸಂಖ್ಯೆಯನ್ನು) 1920x1080ರಿಂದ 1280x720ಕ್ಕೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಲಿ. ಫ್ರೇಮ್ ಸಂಖ್ಯೆ ಚೆನ್ನಾಗಿ ಏರಿದರೆ ಮೊದಲು ತಡೆಯುತ್ತಿದ್ದುದು ಕಾರ್ಡ್. ಸಂಖ್ಯೆ ಕದಲದೆ ಕಾರ್ಡಿನ ಬಳಕೆ ಮಾತ್ರ ಕುಸಿದರೆ ತಡೆ ಪ್ರೊಸೆಸರಿನದು. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಒಟ್ಟು ಬಳಕೆಯನ್ನಷ್ಟೇ ನೋಡಿ ತೀರ್ಮಾನಕ್ಕೆ ಬರಬಾರದು, ಏಕೆಂದರೆ ಏಕಕಾಲಕ್ಕೆ ಎಂಟು ಥ್ರೆಡ್‌ಗಳನ್ನು (ಕೆಲಸದ ಎಳೆಗಳನ್ನು) ನಡೆಸುವ ಪ್ರೊಸೆಸರಿನಲ್ಲಿ ಆಟದ ಮುಖ್ಯ ಥ್ರೆಡ್ ತನ್ನ ಪಾಲನ್ನು ಪೂರ್ತಿ ಹೀರಿಕೊಂಡರೂ ಒಟ್ಟು ಲೆಕ್ಕದಲ್ಲಿ ಅದು ಕಾಣುವುದು ಶೇ. 12.5ರಷ್ಟು ಮಾತ್ರ.

ಸರಾಸರಿ ಫ್ರೇಮ್ ಸಂಖ್ಯೆಯೊಂದನ್ನೇ ನಂಬುವುದೂ ಸರಿಯಲ್ಲ. ಅತ್ಯಂತ ನಿಧಾನವಾದ ಶೇ. 1ರಷ್ಟು ಫ್ರೇಮ್‌ಗಳ ವೇಗವನ್ನು ಪ್ರತ್ಯೇಕವಾಗಿ ತೋರಿಸುವ ಅಳತೆಯೊಂದಿದೆ. ಕಣ್ಣಿಗೆ ಕಿರಿಕಿರಿಯಾಗುವ ತಡೆಗಳು ಅಲ್ಲಿ ಕಾಣಿಸುತ್ತವೆ, ಮತ್ತು ದುರ್ಬಲ ಪ್ರೊಸೆಸರ್ ಮೊದಲು ಸಿಕ್ಕಿಬೀಳುವುದೂ ಅಲ್ಲಿಯೇ.

ಈ ಆಟದ ತಯಾರಕರು 2023ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಕನಿಷ್ಠ ಅಗತ್ಯವಾಗಿ ಇಂಟೆಲ್‌ನ ಐ7-6700 ಅಥವಾ ಎಎಂಡಿ ಕಂಪೆನಿಯ ರೈಜನ್ 5 1600 ಅನ್ನೂ, ಶಿಫಾರಸಾಗಿ ಐ7-12700 ಅಥವಾ ರೈಜನ್ 7 7800ಎಕ್ಸ್3ಡಿ ಪ್ರೊಸೆಸರನ್ನೂ ಹೆಸರಿಸಿದ್ದಾರೆ. ನಿಮ್ಮ ಐ3-10100ರಲ್ಲಿ ಇರುವುದು 2015ರ ಆ ಐ7-6700ರಷ್ಟೇ, ಅಂದರೆ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ) ಮತ್ತು ಎಂಟು ಥ್ರೆಡ್. ಅದೇ ಪಟ್ಟಿಯಲ್ಲಿ ಶಿಫಾರಸಾದ ಆರ್‌ಟಿಎಕ್ಸ್ 2060 ಸೂಪರ್‌ಗಿಂತ ನಿಮ್ಮ ಕಾರ್ಡ್ ಮೇಲ್ಮಟ್ಟದ್ದು. ಹೀಗೆ ಒಂದೇ ಪೆಟ್ಟಿಗೆಯೊಳಗೆ ಕಾರ್ಡ್ ಶಿಫಾರಸನ್ನು ದಾಟಿ ನಿಂತಿದೆ, ಪ್ರೊಸೆಸರ್ ಕನಿಷ್ಠದ ಗೆರೆಯಲ್ಲೇ ಇದೆ.

ಮೊದಲು ಖರ್ಚಿಲ್ಲದ ಉಪಾಯಗಳನ್ನು ಮಾಡಿ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಜನಸಂದಣಿಯ ಪ್ರಮಾಣವನ್ನು ಕಡಿಮೆ ಮಾಡುವುದು ಮತ್ತು ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಮೂಡಿಸುವ ವಿಧಾನ) ನಿಲ್ಲಿಸುವುದು ಪ್ರೊಸೆಸರಿಗೆ ನೇರವಾಗಿ ನೆರವಾಗುತ್ತದೆ. ರೇ ಟ್ರೇಸಿಂಗ್ ಕಾರ್ಡಿನ ಕೆಲಸವೆಂದೇ ಹಲವರ ನಂಬಿಕೆ, ಆದರೆ ದೃಶ್ಯದಲ್ಲಿರುವ ವಸ್ತುಗಳ ವಿನ್ಯಾಸವನ್ನು ಪ್ರತಿ ಫ್ರೇಮಿಗೂ ಹೊಸದಾಗಿ ಒದಗಿಸುತ್ತಿರಬೇಕಾದ್ದರಿಂದ ಪ್ರೊಸೆಸರಿನ ಹೊರೆಯೂ ಬೆಳೆಯುತ್ತದೆ. ರ‍್ಯಾಮ್ ಒಂದೇ ಕಡ್ಡಿಯಾಗಿದ್ದರೆ ಅಷ್ಟೇ ಸಾಮರ್ಥ್ಯದ ಇನ್ನೊಂದನ್ನು ಸೇರಿಸಿ. ಎರಡು ಚಾನೆಲ್‌ಗಳಾದಾಗ ಮೆಮೊರಿಯಿಂದ ದತ್ತಾಂಶ ಹರಿಯುವ ಸಾಮರ್ಥ್ಯ ಇಮ್ಮಡಿಯಾಗುತ್ತದೆ. ಫ್ರೇಮ್ ಸಂಖ್ಯೆ 45ರಿಂದ 90ರವರೆಗೆ ತೂಗಾಡುವುದಕ್ಕಿಂತ 60ಕ್ಕೆ, ಅದು ದಕ್ಕದಿದ್ದರೆ 48ಕ್ಕೆ ಮಿತಿ ಹಾಕಿದರೆ ಆಟ ಹೆಚ್ಚು ನಯವಾಗಿ ಕಾಣುತ್ತದೆ. ಕಾರ್ಡಿನಲ್ಲಿ ಶಕ್ತಿ ಉಳಿದಿರುವುದರಿಂದ ಟೆಕ್ಸ್‌ಚರ್‌ಗಳ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳ) ಗುಣಮಟ್ಟವನ್ನು ಏರಿಸಿಕೊಳ್ಳಿ. ಅದರಿಂದ ವೇಗ ಅಷ್ಟಾಗಿ ತಗ್ಗುವುದಿಲ್ಲ. ಈ ಕಾರ್ಡಿನಲ್ಲಿರುವ ಫ್ರೇಮ್ ಜನರೇಷನ್ ಸೌಲಭ್ಯ ಪ್ರೊಸೆಸರಿನ ನೆರವಿಲ್ಲದೆ ನಡುವೆ ಹೆಚ್ಚಿನ ಫ್ರೇಮ್‌ಗಳನ್ನು ಹೆಣೆಯುತ್ತದೆಯಾದರೂ ಮೌಸ್ ಸರಿಸಿದ್ದಕ್ಕೆ ಆಟ ಸ್ಪಂದಿಸುವ ವೇಗವನ್ನು ಹೆಚ್ಚಿಸುವುದಿಲ್ಲ, ಆದ್ದರಿಂದ ಮೂಲ ವೇಗವೇ ಕುಂಟುತ್ತಿರುವಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ಇಷ್ಟಾದರೂ ಸಮಾಧಾನವಾಗದಿದ್ದರೆ ಎರಡು ದಾರಿಗಳಿವೆ. ನಿಮ್ಮ ಮದರ್‌ಬೋರ್ಡಿನ ಸಾಕೆಟ್ಟಿಗೆ ಆರು ಕೋರ್‌ಗಳ ಐ5-10400 ಮತ್ತು ಎಂಟು ಕೋರ್‌ಗಳ ಐ7-10700 ಹೊಂದುತ್ತವೆ, ಬಳಸಿದ ಸ್ಥಿತಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕರೆ ಪರಿಗಣಿಸಬಹುದು. ಆದರೆ ಅಗ್ಗದ ಬೋರ್ಡ್‌ಗಳ ವಿದ್ಯುತ್ ಮಂಡಲ ಎಂಟು ಕೋರ್‌ಗಳ ಹೊರೆಯಲ್ಲಿ ಬಿಸಿಯೇರುತ್ತದೆ. ಇನ್ನೊಂದು ದಾರಿ, ಡಿಡಿಆರ್4 ರ‍್ಯಾಮ್ ಸ್ವೀಕರಿಸುವ ಹೊಸ ಬೋರ್ಡಿನ ಜೊತೆ ಐ5-12400ಎಫ್ ಕೊಳ್ಳುವುದು. ಈಗಿರುವ ರ‍್ಯಾಮ್ ಅದಕ್ಕೇ ಸಲ್ಲುತ್ತದೆ, ಕೋರ್‌ಗಳು ನಾಲ್ಕರಿಂದ ಆರಕ್ಕೆ ಏರುವುದಲ್ಲದೆ ಒಂದೊಂದು ಕೋರೂ ಹಳೆಯದಕ್ಕಿಂತ ಗಣನೀಯವಾಗಿ ಚುರುಕು. ನಾನು ಸೂಚಿಸುವುದು ಈ ಎರಡನೆಯದನ್ನೇ. ಕಾರ್ಡನ್ನು ಹಿಂದಿರುಗಿಸಿ ಇನ್ನೂ ದೊಡ್ಡ ಕಾರ್ಡ್ ತರುವುದು ಮಾತ್ರ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಪ್ರಶ್ನೆ: ಹೊಸ ಕಂಪ್ಯೂಟರ್ ಜೋಡಿಸುತ್ತಿದ್ದೇನೆ. ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ ಮತ್ತು ನಗರ ಕಟ್ಟುವ ಆಟಗಳು ನನಗೆ ಇಷ್ಟ. ಎಂಟು ಕೋರ್‌ಗಳ 7800ಎಕ್ಸ್3ಡಿ ತೆಗೆದುಕೊಳ್ಳಬೇಕೋ, ಇನ್ನಷ್ಟು ಹಣ ಹಾಕಿ ಹದಿನಾರು ಕೋರ್‌ಗಳ ರೈಜನ್ 9 ತೆಗೆದುಕೊಳ್ಳಬೇಕೋ? ಆಟವನ್ನು 4ಕೆ ಟಿವಿಯಲ್ಲಿ ಆಡುತ್ತೇನೆ; ಅಲ್ಲಿ ಪ್ರೊಸೆಸರಿನಿಂದ ವ್ಯತ್ಯಾಸವೇ ಆಗುವುದಿಲ್ಲವೆಂದು ಗೆಳೆಯರು ಹೇಳುತ್ತಾರೆ. (ಪುಣೆಯ ಹಿಂಜೆವಾಡಿಯಿಂದ)

ಉತ್ತರ: ನೀವು ಹೆಸರಿಸಿದ ಆಟಗಳಿಗೆ 7800ಎಕ್ಸ್3ಡಿಯೇ ಸೂಕ್ತ. ಕೋರ್‌ಗಳ ಸಂಖ್ಯೆ ಎರಡು ಪಟ್ಟಾದರೆ ಆಟದ ವೇಗ ಎರಡು ಪಟ್ಟಾಗುವುದಿಲ್ಲ, ಏಕೆಂದರೆ ಆಟದ ಲೆಕ್ಕಾಚಾರದಲ್ಲಿ ಒಂದರ ಫಲಿತಾಂಶಕ್ಕಾಗಿ ಇನ್ನೊಂದು ಕಾಯಲೇಬೇಕಾದ ಭಾಗ ದೊಡ್ಡದಾಗಿರುತ್ತದೆ, ಮತ್ತು ಆ ಭಾಗವನ್ನು ಹದಿನಾರು ಕೋರ್‌ಗಳಿಗೆ ಹಂಚಲು ಬರುವುದಿಲ್ಲ.

ಇಲ್ಲಿ ಫಲ ಕೊಡುವುದು ಕ್ಯಾಶ್, ಅಂದರೆ ಪ್ರೊಸೆಸರಿನೊಳಗೇ ಇರುವ ಸಣ್ಣ, ಅತಿ ವೇಗದ ಮೆಮೊರಿ. ಬೇಕಾದ ದತ್ತಾಂಶ ಅಲ್ಲಿಯೇ ಸಿಕ್ಕರೆ ಕೋರ್ ಕೂಡಲೇ ಮುಂದುವರಿಯುತ್ತದೆ. ಸಿಗದಿದ್ದರೆ ರ‍್ಯಾಮ್‌ವರೆಗೆ ಹೋಗಿ ಬರುವಷ್ಟು ಹೊತ್ತು, ಪ್ರೊಸೆಸರಿನ ಲೆಕ್ಕದಲ್ಲಿ ನೂರಾರು ಆವರ್ತಗಳ ಕಾಲ, ಸುಮ್ಮನೆ ಕಾಯಬೇಕಾಗುತ್ತದೆ. ಸಾಮಾನ್ಯ ರೈಜನ್ 7 7700ಎಕ್ಸ್‌ನಲ್ಲಿ ಮೂರನೆಯ ಹಂತದ ಕ್ಯಾಶ್ 32 ಎಂಬಿ ಇದ್ದರೆ, 2023ರ ಏಪ್ರಿಲ್‌ನಲ್ಲಿ ಬಂದ 7800ಎಕ್ಸ್3ಡಿಯಲ್ಲಿ ಅದು 96 ಎಂಬಿ. ಎರಡರಲ್ಲೂ ಎಂಟೇ ಕೋರ್‌ಗಳು. ಗರಿಷ್ಠ ಗಡಿಯಾರ ವೇಗ ಮೊದಲನೆಯದರಲ್ಲಿ 5.4 ಗಿಗಾಹರ್ಟ್ಸ್, ಎರಡನೆಯದರಲ್ಲಿ 5.0 ಗಿಗಾಹರ್ಟ್ಸ್. ಹೀಗಿದ್ದರೂ ಆಟಗಳಲ್ಲಿ ಮುಂದಿರುವುದು ಎರಡನೆಯದೇ. ಪೆಟ್ಟಿಗೆಯ ಮೇಲಿನ ಗಿಗಾಹರ್ಟ್ಸ್ ನೋಡಿ ಕೊಳ್ಳುವ ಅಭ್ಯಾಸವನ್ನು ಬಿಡಬೇಕೆಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ. ವಿಮಾನ ಹಾರಿಸುವ ಆಟ ಈ ಹೆಚ್ಚಿನ ಕ್ಯಾಶ್‌ನಿಂದ ಬಹಳವಾಗಿ ಲಾಭ ಪಡೆಯುವ ಆಟಗಳಲ್ಲಿ ಒಂದು. ನಗರ ಕಟ್ಟುವ ಆಟಗಳಲ್ಲಿ 2023ರ ‘ಸಿಟೀಸ್: ಸ್ಕೈಲೈನ್ಸ್ 2’ ಹೆಚ್ಚು ಕೋರ್‌ಗಳನ್ನೂ ಬಳಸಿಕೊಳ್ಳಬಲ್ಲದು; ಜನಸಂಖ್ಯೆ ಲಕ್ಷಗಳನ್ನು ದಾಟಿದ ನಗರಗಳನ್ನೇ ನೀವು ಸದಾ ಆಡುವವರಾದರೆ ಮಾತ್ರ ಆ ಅಂಶಕ್ಕೆ ತೂಕ ಕೊಡಿ.

ಗೆಳೆಯರ ಮಾತು ಅರ್ಧ ನಿಜ. 4ಕೆಯಲ್ಲಿ ಕಾರ್ಡಿನ ಹೊರೆ ಬೆಳೆದು ಅದೇ ನಿಧಾನವಾಗುವುದರಿಂದ ಪ್ರೊಸೆಸರ್‌ಗಳ ನಡುವಿನ ಅಂತರ ಮರೆಯಾಗುತ್ತದೆ. ಆದರೆ ಡಿಎಲ್‌ಎಸ್‌ಎಸ್‌ನಂಥ ತಂತ್ರವನ್ನು ‘ಪರ್ಫಾರ್ಮೆನ್ಸ್’ ಮಟ್ಟದಲ್ಲಿ ಬಳಸಿದಾಗ ಕಾರ್ಡ್ ನಿಜವಾಗಿ ಬಿಡಿಸುವುದು 1080ಪಿ ಚಿತ್ರವನ್ನು. ಅದನ್ನು ಬಳಿಕ 4ಕೆಗೆ ಹಿಗ್ಗಿಸಲಾಗುತ್ತದೆ. ಕಾರ್ಡ್ ಹಗುರವಾದ ಕೂಡಲೇ ಪ್ರೊಸೆಸರಿನ ಮಿತಿ ಮತ್ತೆ ಎದುರಿಗೆ ಬರುತ್ತದೆ. ದೊಡ್ಡ ವಿಮಾನ ನಿಲ್ದಾಣದಲ್ಲಿ ಇಳಿಯುವಾಗಲಂತೂ 4ಕೆಯಲ್ಲಿಯೂ ಅದು ಎದುರಾಗಬಹುದು.

ನಿಮ್ಮ ವೃತ್ತಿಯ ಕೆಲಸವೂ, ಉದಾಹರಣೆಗೆ ದೊಡ್ಡ ಪ್ರಾಜೆಕ್ಟ್‌ಗಳ ಕಂಪೈಲ್ ಅಥವಾ ವಿಡಿಯೊ ಸಂಪಾದನೆ, ಇದೇ ಯಂತ್ರದಲ್ಲಿ ನಡೆಯುವುದಾದರೆ ಹದಿನಾರು ಕೋರ್‌ಗಳಿಗೆ ಅರ್ಥವಿದೆ. ಆಗಲೂ ಒಂದು ವಿಷಯ ತಿಳಿದಿರಲಿ: 7950ಎಕ್ಸ್3ಡಿಯಲ್ಲಿ ಎಂಟೆಂಟು ಕೋರ್‌ಗಳ ಎರಡು ತುಣುಕುಗಳಿದ್ದು ಹೆಚ್ಚುವರಿ ಕ್ಯಾಶ್ ಒಂದರ ಮೇಲೆ ಮಾತ್ರ ಇದೆ. ಆಟ ಆ ತುಣುಕಿನಲ್ಲಿಯೇ ಓಡುವಂತೆ ನೋಡಿಕೊಳ್ಳುವುದು ಚಿಪ್‌ಸೆಟ್ ಡ್ರೈವರ್ ಮತ್ತು ವಿಂಡೋಸ್‌ನ ಗೇಮ್ ಬಾರ್‌ನ ಹೊಣೆ, ಹಾಗಾಗಿ ಅವೆರಡನ್ನೂ ಅಪ್‌ಡೇಟ್ ಮಾಡಿಟ್ಟಿರಬೇಕು. ಕಂಪೆನಿಯ ಕೆಲಸಕ್ಕೆ ಕಂಪೆನಿಯದೇ ಲ್ಯಾಪ್‌ಟಾಪ್ ಇದ್ದರೆ ಈ ಗೋಜು ಬೇಡ. ಉಳಿದ ಹಣವನ್ನು ಕಾರ್ಡಿಗೆ ಹಾಕಿ. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿ ಇನ್ನೂ ಚುರುಕಾದದ್ದು, ಅದೇ ಎಎಂ5 ಸಾಕೆಟ್ಟಿನದು. ಬೆಲೆಯ ಅಂತರ ಚಿಕ್ಕದಾಗಿದ್ದರೆ ಅದನ್ನೇ ಕೊಳ್ಳಿ.

ಪ್ರಶ್ನೆ: ತಮ್ಮನಿಗೆ ಆಟದ ಲ್ಯಾಪ್‌ಟಾಪ್ ಬೇಕು. ಒಂದರಲ್ಲಿ ಐ7-1355ಯು, ಇನ್ನೊಂದರಲ್ಲಿ ಐ5-13450ಎಚ್‌ಎಕ್ಸ್ ಇದೆ. ಐ7 ಮೇಲಲ್ಲವೇ? (ವಾಸ್ಕೊದ ಓದುಗರು)

ಉತ್ತರ: ಈ ಜೋಡಿಯಲ್ಲಿ ಅಲ್ಲ. ಕೊನೆಯ ಅಕ್ಷರವನ್ನು ಮೊದಲು ಓದಿ. ‘ಯು’ ಎಂಬುದು ಬ್ಯಾಟರಿ ಉಳಿಸಲೆಂದು 15 ವ್ಯಾಟ್‌ನ ಮೂಲ ಮಿತಿಯಲ್ಲಿ ರೂಪಿಸಿದ ಪ್ರೊಸೆಸರ್. ಅದರಲ್ಲಿ ಬಲವಾದ ಕೋರ್‌ಗಳು ಎರಡೇ, ಉಳಿದ ಎಂಟು ಚಿಕ್ಕವು. ‘ಎಚ್‌ಎಕ್ಸ್’ನಲ್ಲಿ ಬಲವಾದವೇ ಆರಿದ್ದು, ಮೂಲ ಮಿತಿ 55 ವ್ಯಾಟ್. ‘ವ್ಯಾಲರಂಟ್’ನಂಥ ಆಟಗಳಲ್ಲಿ ಹೆಚ್ಚಿನ ಫ್ರೇಮ್‌ಗಳನ್ನು ಕೊಡುವುದು ಪ್ರೊಸೆಸರೇ ಆದ್ದರಿಂದ ಎಚ್‌ಎಕ್ಸ್ ಕೊಳ್ಳಿ. ಲ್ಯಾಪ್‌ಟಾಪಿನ ಪ್ರೊಸೆಸರನ್ನು ಮುಂದೆ ಬದಲಿಸಲು ಬರುವುದಿಲ್ಲ ಎಂಬುದೂ ನೆನಪಿರಲಿ. ಗೋವೆಯ ಸೆಕೆಯಲ್ಲಿ ಯಂತ್ರ ಬಿಸಿಯೇರಿದಾಗ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಆದಕಾರಣ ಅಂಗಡಿಯಲ್ಲಿ ಐದು ನಿಮಿಷ ನೋಡಿ ಒಪ್ಪಬೇಡಿ, ಚಾರ್ಜರ್ ಹಾಕಿ ಅರ್ಧ ಗಂಟೆ ಆಟ ಓಡಿಸಿ ತೋರಿಸಲು ಕೇಳಿ.

ಪ್ರಶ್ನೆ: ತಪಕೀರ್ ಗಲ್ಲಿಯ ಪರಿಚಿತರೊಬ್ಬರು ಬಳಸಿದ ಐ9-13900ಕೆ ಪ್ರೊಸೆಸರನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಕೊಳ್ಳಬಹುದೇ? (ಪುಣೆಯ ಸದಾಶಿವ ಪೇಟೆಯಿಂದ)

ಉತ್ತರ: ಬಿಲ್ ಇಲ್ಲದಿದ್ದರೆ ಬೇಡ. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಮೇಲ್ದರ್ಜೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಒದಗಿ ಕಾಲಕ್ರಮೇಣ ಅವು ಅಸ್ಥಿರವಾಗುವ ಸಮಸ್ಯೆಯನ್ನು ಕಂಪೆನಿ 2024ರಲ್ಲಿ ಒಪ್ಪಿಕೊಂಡು, ಆಗಸ್ಟ್‌ನಲ್ಲಿ 0ಎಕ್ಸ್129 ಎಂಬ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳ) ತಿದ್ದುಪಡಿಯನ್ನು ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಮೂಲಕ ಒದಗಿಸಿತು. ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯಬಲ್ಲದು, ಅದಾಗಲೇ ಹಾಳಾದ ಪ್ರೊಸೆಸರನ್ನು ಸರಿಪಡಿಸಲಾರದು. ಹಾಳಾದುದರ ಲಕ್ಷಣ ದಾರಿ ತಪ್ಪಿಸುವಂಥದ್ದು: ಅನ್‌ರಿಯಲ್ ಎಂಜಿನ್ (ಆಟ ಕಟ್ಟುವ ತಂತ್ರಾಂಶ) ಬಳಸುವ ಆಟಗಳು ಶೇಡರ್‌ಗಳನ್ನು (ಬಣ್ಣ, ಬೆಳಕು ತುಂಬುವ ಕಿರು ಪ್ರೋಗ್ರಾಂಗಳನ್ನು) ಸಿದ್ಧಪಡಿಸುವ ಹಂತದಲ್ಲಿ ಮುಚ್ಚಿಕೊಂಡು, ವಿಡಿಯೊ ಮೆಮೊರಿ ಸಾಲದೆಂಬ ಸಂದೇಶವನ್ನು ತೋರಿಸುತ್ತವೆ, ಆಡುವವರು ನಿರ್ದೋಷಿಯಾದ ಕಾರ್ಡನ್ನು ಸಂಶಯಿಸುತ್ತಾರೆ. ಬಿಲ್ ಇದ್ದರೆ, ಪ್ರೊಸೆಸರಿನ ಮೇಲಿನ ಸಂಖ್ಯೆಯನ್ನು ಇಂಟೆಲ್‌ನ ವಾರಂಟಿ ಪುಟದಲ್ಲಿ ಹಾಕಿ ಎಷ್ಟು ಅವಧಿ ಉಳಿದಿದೆಯೆಂದು ಹಣ ಕೊಡುವ ಮೊದಲೇ ನೋಡಿ, ಮತ್ತು ಅಂಥ ಒಂದು ಆಟವನ್ನು ಮೊದಲಿನಿಂದ ಶೇಡರ್ ಸಿದ್ಧಪಡಿಸಿ ತೆರೆದು ತೋರಿಸಲು ಹೇಳಿ. ಇದಕ್ಕೆ ಮಾರುವವರು ಒಪ್ಪದಿದ್ದರೆ, ಈ ಸಮಸ್ಯೆಗೆ ಒಳಗಾಗದ 12ನೆಯ ತಲೆಮಾರಿನ ಪ್ರೊಸೆಸರೊಂದನ್ನು ಹುಡುಕಿ. ಅದೇ ಬೋರ್ಡಿನಲ್ಲಿ ಅದೂ ಕೂರುತ್ತದೆ.