ಕಡಲಿಗೆ ಬೆನ್ನು ಮಾಡಿ ನಿಲ್ಲಿ: ಮಂಗಳೂರಿನ ಸುತ್ತ ಫ್ಲೈ ಫಿಶಿಂಗ್ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹರಿಹರದ ತುಂಗಭದ್ರೆಯಲ್ಲಿ ಚಿಕ್ಕಂದಿನಿಂದಲೂ ಎರೆಹುಳ ಸಿಕ್ಕಿಸಿ ಗಾಳ ಹಾಕಿ ಬೆಳೆದವನು ನಾನು. ಕೆಲಸದ ಮೇಲೆ ಈಗ ಮಂಗಳೂರಿಗೆ ವರ್ಗವಾಗಿದೆ. ಆಸೆಪಟ್ಟು ಫ್ಲೈ ಫಿಶಿಂಗ್ ಕೋಲೊಂದನ್ನು ಕೊಂಡು ಮೂರು ಭಾನುವಾರ ಪಣಂಬೂರಿನ ಕಡಲತೀರದಲ್ಲಿ ನಿಂತೆ; ಒಂದು ಮೀನೂ ಮುಟ್ಟಲಿಲ್ಲ. ನಗರದೊಳಗೆ ಮತ್ತು ಸುತ್ತಮುತ್ತ ಇದಕ್ಕೆ ಒಳ್ಳೆಯ ಜಾಗಗಳು ಯಾವುವು?
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಪಣಂಬೂರಿನಲ್ಲಿ ಮೀನು ಸಿಗದಿದ್ದುದಕ್ಕೆ ನಿಮ್ಮ ಕೈಯನ್ನು ದೂರಬೇಡಿ. ತೆರೆದ ಕಡಲಿನಲ್ಲಿ ಅಲೆ ಒಡೆಯುವ ಕಡೆ ಹುರಿ ಮರಳಿ ಬಂದು ಕಾಲಿಗೆ ಸುತ್ತಿಕೊಳ್ಳುತ್ತದೆ, ಪಡುವಣ ಗಾಳಿ ಎದುರಿನಿಂದ ಬಂದು ಎಸೆತವನ್ನು ಅರ್ಧಕ್ಕೇ ನಿಲ್ಲಿಸುತ್ತದೆ, ಮರಳು ಕದಡಿದ ನೀರಿನಲ್ಲಿ ಗರಿಯಿಂದ ಕಟ್ಟಿದ ಹುಸಿಹುಳ, ಅಂದರೆ ಫ್ಲೈ, ಮೀನಿನ ಕಣ್ಣಿಗೆ ಬೀಳುವುದೂ ಕಷ್ಟ. ನೀವು ಕಡಲಿಗೆ ಬೆನ್ನು ಮಾಡಿ ನದಿಯ ಕಡೆ ತಿರುಗಬೇಕು. ಪೂರ್ವದಿಂದ ಬರುವ ನೇತ್ರಾವತಿ ಮತ್ತು ಉತ್ತರದಿಂದ ಬರುವ ಫಲ್ಗುಣಿ, ಅಂದರೆ ಗುರುಪುರ ನದಿ, ಇವೆರಡೂ ಮಂಗಳೂರಿನ ಅಳಿವೆಬಾಗಿಲಿನಲ್ಲಿ ಒಂದೇ ಬಾಯಿಯಿಂದ ಕಡಲನ್ನು ಸೇರುತ್ತವೆ. ಅದಕ್ಕೆ ಮುಂಚೆ ಫಲ್ಗುಣಿಯು ಕೂಳೂರಿನ ಬಳಿಯಿಂದ ದಕ್ಷಿಣಕ್ಕೆ ತಿರುಗಿ ಕಡಲತೀರಕ್ಕೆ ಸಮಾನಾಂತರವಾಗಿ ಹರಿಯುತ್ತದೆ. ನದಿಗೂ ಕಡಲಿಗೂ ನಡುವೆ ಉಳಿದಿರುವ ಮರಳಿನ ಉದ್ದನೆಯ ನಾಲಗೆಯೇ ತಣ್ಣೀರುಬಾವಿ ಮತ್ತು ಬೆಂಗ್ರೆ.

ಜಾಗಗಳ ಹೆಸರು ಹೇಳುವ ಮುನ್ನ ಒಂದು ವಿಷಯ ಹೇಳಬೇಕು. ನಮ್ಮ ತುಂಗಭದ್ರೆ ಒಂದೇ ದಿಕ್ಕಿಗೆ ಹರಿಯುತ್ತದೆ, ಬಯಲುಸೀಮೆಯವರಾದ ನಾವು ಅದನ್ನೇ ನದಿಯ ಸ್ವಭಾವವೆಂದು ನಂಬಿ ಬೆಳೆದವರು. ನದಿ ಕಡಲನ್ನು ಸೇರುವ ಅಳಿವೆಯ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಉಬ್ಬರದ ತುದಿಯಿಂದ ಇಳಿತದ ತುದಿಗೆ ಸುಮಾರು ಆರು ಗಂಟೆ ಹಿಡಿಯುತ್ತದೆ. ದಿನದಿಂದ ದಿನಕ್ಕೆ ಆ ವೇಳೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಬೆಳಿಗ್ಗೆ ಏಳಕ್ಕೆ ಮೀನು ತುಂಬಿದ್ದ ದಂಡೆ ಹನ್ನೊಂದಕ್ಕೆ ಬರಿಯ ಕೆಸರಾಗಿರಬಹುದು. ಆದ್ದರಿಂದ ಕರಾವಳಿಯಲ್ಲಿ ಜಾಗ ಯಾವುದು ಎಂದು ಕೇಳುವವರಿಗೆ ಹೊತ್ತನ್ನು ಸೇರಿಸದೆ ಉತ್ತರ ಕೊಡಲು ಬರುವುದಿಲ್ಲ. ನಾನು ಮೊದಲ ಸಲ ತಣ್ಣೀರುಬಾವಿಗೆ ಹೋದಾಗ ಇದು ಗೊತ್ತಿರಲಿಲ್ಲ. ನಾಲ್ಕು ಗಂಟೆ ಕಾಲ ಇಳಿಯುವ ನೀರಿನ ಹಿಂದೆ ಹಿಂದೆಯೇ ನಡೆದು, ತೋಳು ಸೋತು, ಕೋಲನ್ನು ಬಿಚ್ಚಿ ಚೀಲಕ್ಕೆ ತುಂಬುತ್ತಿದ್ದೆ. ಹೆಗಲ ಮೇಲೆ ಬೀಸುಬಲೆ ಹೊತ್ತಿದ್ದ ಹಿರಿಯರೊಬ್ಬರು ಅದೇ ಆಗ ದಂಡೆಗೆ ಬಂದು, ಬಲೆಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತರು. ಏಕೆ ಕುಳಿತಿರೆಂದು ಕೇಳಿದರೆ ನೀರಿನಂಚಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಒಣ ತೆಂಗಿನ ಸೋಗೆಯನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ಆ ಸೋಗೆ ಅಲುಗಿ, ಕಡಲ ಕಡೆಗಲ್ಲದೆ ಊರ ಕಡೆಗೆ ಮೆಲ್ಲನೆ ತೇಲತೊಡಗಿತು. ಅವರು ಎದ್ದು ಬಲೆ ಬೀಸಿದರು. ಅಂದಿನಿಂದ ನಾನು ದಂಡೆಗೆ ಹೋದ ಕೂಡಲೇ ಹುಡುಕುವುದು ಮೀನನ್ನಲ್ಲ, ತೇಲುವ ಕಸವನ್ನು.

ಈಗ ಜಾಗಗಳು. ನನ್ನ ಮೊದಲ ಆಯ್ಕೆ ಬೆಂಗ್ರೆ ಮತ್ತು ತಣ್ಣೀರುಬಾವಿಯ ನದಿ ಬದಿ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿಯನ್ನು ದಾಟಿದರೆ ತಣ್ಣೀರುಬಾವಿ, ಬಂದರಿನ ಕಡೆಯಿಂದ ದಾಟಿದರೆ ಬೆಂಗ್ರೆ. ಇಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಮಧ್ಯಾಹ್ನದ ಕಡಲ ಗಾಳಿ ಬೆನ್ನಿಗೆ ಬೀಳುವುದರಿಂದ ಮುಂದಿನ ಎಸೆತ ತಾನಾಗಿಯೇ ಉದ್ದವಾಗುತ್ತದೆ. ಆದರೆ ಅದೇ ಗಾಳಿ ಹಿಂದಿನ ಬೀಸನ್ನು ತಗ್ಗಿಸಿ ಕೊಕ್ಕೆಯನ್ನು ನಿಮ್ಮ ಕುತ್ತಿಗೆಯ ಮಟ್ಟಕ್ಕೆ ತರುತ್ತದೆ, ಆದ್ದರಿಂದ ಅಗಲ ಅಂಚಿನ ಟೋಪಿ ಮತ್ತು ಕನ್ನಡಕವಿಲ್ಲದೆ ಅಲ್ಲಿ ನಿಲ್ಲಬೇಡಿ. ಗಾಳಿ ಮಂದವಿರುವ ಬೆಳಗಿನ ಜಾವ ಹೊಸಬರಿಗೆ ಹೆಚ್ಚು ಅನುಕೂಲ. ಇಳಿತದ ಹೊತ್ತಿನಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುವವರು ಮೊಣಕಾಲುದ್ದ ನೀರಿನಲ್ಲಿ ಎಲ್ಲೆಲ್ಲಿ ನಿಂತಿದ್ದಾರೆಂದು ದಂಡೆಯಿಂದ ಗಮನಿಸಿ ನೆನಪಿಡಿ. ಚಿಪ್ಪು, ಹುಳ, ಸಿಗಡಿಗಳಿರುವ ಆ ದಿಬ್ಬದ ಮೇಲೆಯೇ ನೀರು ಏರುವಾಗ ಮೀನು ಮೇಯಲು ಬರುತ್ತದೆ. ಅವರು ಅಲ್ಲಿರುವಾಗ ಗಾಳ ಬೀಸಬೇಡಿ. ಅದು ಅವರ ಹೊಟ್ಟೆಪಾಡಿನ ಜಾಗ. ಕಡಲ ಬದಿಯಲ್ಲಿ ಕೈರಂಪಣಿ ಬಲೆ ಎಳೆಯುವ ಕಡೆಗೂ ಇದೇ ಮಾತು ಅನ್ವಯಿಸುತ್ತದೆ.

ಕೂಳೂರು ಸೇತುವೆಯ ಬಳಿ ಕಂಬಗಳ ನೆರಳಿನಲ್ಲಿ ಕೆಂಬೇರಿಯಂಥ ಹೊಂಚುಗಾರ ಮೀನುಗಳು ನಿಲ್ಲುತ್ತವೆ. ಅಲ್ಲಿ ದಂಡೆಗೆ ಇಳಿದೇ ಬೀಸಬೇಕು. ಹೆದ್ದಾರಿಯ ಸೇತುವೆಯ ಮೇಲಿನಿಂದ ಫ್ಲೈ ಬೀಸುವುದು ಹಿಂದೆ ಬರುವ ದ್ವಿಚಕ್ರ ಸವಾರರ ಕಣ್ಣಿಗೆ ಅಪಾಯ.

ನೇತ್ರಾವತಿಯ ಕಡೆ ಉಳ್ಳಾಲದ ಸೇತುವೆಗಳಿಂದ ಮೇಲಕ್ಕೆ ಕುದ್ರುಗಳೂ (ನದಿಯೊಳಗಿನ ನಡುಗಡ್ಡೆಗಳು) ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಪೊದೆಗಳೂ ಇವೆ, ಏರುನೀರಿನಲ್ಲಿ ಅವುಗಳ ಬೇರಿನ ಅಂಚು ನೋಡಲು ಬಹಳ ಆಸೆ ಹುಟ್ಟಿಸುತ್ತದೆ. ಆದರೆ ಮರಳು ತೆಗೆದ ಗುಂಡಿಗಳಿಂದಾಗಿ ಈ ನದಿಯ ತಳವನ್ನು ನಂಬುವಂತಿಲ್ಲ. ಮೊಣಕಾಲುದ್ದದ ಮುಂದಿನ ಹೆಜ್ಜೆ ಆಳುದ್ದವಾಗಬಹುದು. ಈ ಹೊಳೆಯಲ್ಲಿ ನಾನು ನೀರಿಗೆ ಇಳಿಯುವುದೇ ಇಲ್ಲ, ಸ್ಥಳೀಯರ ಚಿಕ್ಕ ದೋಣಿಯಲ್ಲಿ ಕುಳಿತು ಬೀಸುತ್ತೇನೆ. ಮೇಲಿನ ತುಂಬೆ ಅಣೆಕಟ್ಟೆಯ ನೀರು ನಗರಕ್ಕೆ ಕುಡಿಯುವ ನೀರು, ಅದನ್ನು ಬಿಟ್ಟುಬಿಡಿ.

ಬಿಡುವಿದ್ದ ದಿನ ಉತ್ತರಕ್ಕೆ ಹೊರಡಿ. ಮೂಲ್ಕಿಯ ಬಳಿ ಸಸಿಹಿತ್ಲಿನಲ್ಲಿ ಶಾಂಭವಿ ಮತ್ತು ನಂದಿನಿ ಕೂಡಿ ಕಡಲು ಸೇರುತ್ತವೆ, ಅಲ್ಲಿನ ಒಳದಂಡೆ ಕಾಲ್ನಡಿಗೆಯ ಮೀನುಗಾರಿಕೆಗೆ ಹೇಳಿ ಮಾಡಿಸಿದಂತಿದೆ. ಇನ್ನೂ ಮುಂದೆ, ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯಲ್ಲಿ ಸೀತಾ ಮತ್ತು ಸುವರ್ಣಾ ನದಿಗಳ ಅಳಿವೆಯಿದೆ. ಗಂಗೊಳ್ಳಿಯಲ್ಲಿ ಐದು ಹೊಳೆಗಳು ಸೇರುವ ಪಂಚಗಂಗಾವಳಿಯಿದೆ. ಯಾವ ಅಳಿವೆಯಲ್ಲೇ ಆಗಲಿ, ನದಿಯ ಬಾಯಿಯ ಮರಳಿನ ತುದಿಯಲ್ಲಿ ಇಳಿತದ ಹೊತ್ತಿಗೆ ನಿಲ್ಲಬಾರದು. ಹೊರಗೆ ನುಗ್ಗುವ ನೀರು ಕಾಲಡಿಯ ಮರಳನ್ನು ಕೊಂಡೊಯ್ಯುತ್ತದೆ, ಈಜು ಬಲ್ಲವರನ್ನೂ ಬಿಡುವುದಿಲ್ಲ. ಸೋಮೇಶ್ವರ ಮತ್ತು ಸುರತ್ಕಲ್ಲಿನ ಬಂಡೆಗಳ ಮೇಲೆ ನಿಂತು ಬೀಸುವ ಯೋಚನೆಯನ್ನೂ ಬಿಡಿ.

ಪ್ರಶ್ನೆ: ಯಾವ ತಿಂಗಳಲ್ಲಿ ಹೋಗಬೇಕು? ಯಾವ ಮೀನುಗಳನ್ನು ನಿರೀಕ್ಷಿಸಬಹುದು?
— ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಮಳೆಯ ಕೆಂಪು ನೀರು ತಿಳಿಯಾದ ಮೇಲೆ, ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುತ್ತದೆ. ದಡದ ಗಾಳಕ್ಕೆ ಆ ನಿಯಮವಿಲ್ಲದಿದ್ದರೂ, ತುಂಬಿ ಹರಿಯುವ ಹೊಳೆಯ ಅಂಚಿಗೆ ಆ ದಿನಗಳಲ್ಲಿ ಹೋಗದಿರುವುದೇ ಒಳ್ಳೆಯದು. ಕಾಂಡ್ಲಾ ಬೇರುಗಳ ಬಳಿ ಕೆಂಬೇರಿ, ಮರಳಿನ ದಿಬ್ಬದ ಮೇಲೆ ಕಾಣೆ, ಚಿಕ್ಕ ಮೀನಿನ ಹಿಂಡುಗಳನ್ನು ಅಟ್ಟಿಕೊಂಡು ಬರುವ ಟ್ರೆವಲ್ಲಿ ಮರಿಗಳು ಮತ್ತು ಅದೃಷ್ಟವಿದ್ದರೆ ಬಾರಾಮಂಡಿ. ಮಂಗಳೂರಿನ ಹೋಟೆಲುಗಳಲ್ಲಿ ಕಾಣೆಯ ರವಾ ಫ್ರೈ ತಿಂದವರಿಗೆ ಅದರ ಬೆಲೆ ಗೊತ್ತು. ಚಿಕ್ಕ ಸಿಗಡಿಯಂತೆ ಕಟ್ಟಿದ ಫ್ಲೈಯನ್ನು ಮರಳಿಗೆ ತಾಗಿಸಿ ನಿಧಾನವಾಗಿ ಎಳೆದಾಗ ಅದು ಕೊಡುವ ತಟಪಟ ಎಂಬ ಎರಡು ಸಣ್ಣ ಕುಟುಕುಗಳ ಬೆಲೆಯೂ ನನಗೆ ಅಷ್ಟೇ.

ಪ್ರಶ್ನೆ: ಮಂಗಳೂರಿಗೆ ಹೋಗಲು ನನಗೆ ವರ್ಷಕ್ಕೆ ಎರಡು ಸಲ ಮಾತ್ರ ಸಾಧ್ಯ. ಇಲ್ಲಿಯೇ ಅಭ್ಯಾಸ ಮಾಡಿಕೊಳ್ಳಲು ದಾರಿಯಿದೆಯೇ? ವಾಣಿ ವಿಲಾಸ ಸಾಗರದಲ್ಲಿ ಫ್ಲೈ ಬೀಸಬಹುದೇ?
— ಓದುಗರೊಬ್ಬರು, ಹಿರಿಯೂರು

ಉತ್ತರ: ಅಭ್ಯಾಸಕ್ಕೆ ನೀರೇ ಬೇಕಾಗಿಲ್ಲ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ಮುಂದೆ ಹಾರಿ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಗೆ ತೂಕವೇ ಇಲ್ಲದಂತಿರುವುದರಿಂದ ಇಲ್ಲಿ ದಪ್ಪ ಹುರಿಯೇ ತನ್ನ ತೂಕದಿಂದ ಹಾರಿ ಹುಸಿಹುಳವನ್ನು ಹೊತ್ತೊಯ್ಯಬೇಕು. ಎಂಟನೇ ನಂಬರಿನ ಹುರಿಯ ಮೊದಲ 30 ಅಡಿ ಸುಮಾರು 13.6 ಗ್ರಾಂ ತೂಗುತ್ತದೆ, ಐದನೆಯದು ಸುಮಾರು 9 ಗ್ರಾಂ. ನಂಬರುಗಳ ಅರ್ಥ ಅಷ್ಟೇ. ಹಿಂದಕ್ಕೆ ಬೀಸಿದ ಹುರಿ ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಒಂದು ಕ್ಷಣ ತಡೆದು ಅನಂತರ ಮುಂದಕ್ಕೆ ಬೀಸಬೇಕು. ಹೊಸಬರು ತಪ್ಪುವುದು ಆ ಒಂದು ಕ್ಷಣದಲ್ಲಿ. ನಾನು ಇದನ್ನು ಕಲಿತದ್ದು ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ, ಕ್ರಿಕೆಟ್ ಹುಡುಗರು ಬರುವ ಮುನ್ನ, ಕೊಕ್ಕೆಯ ಬದಲು ಕೆಂಪು ಉಣ್ಣೆಯ ತುಣುಕು ಕಟ್ಟಿಕೊಂಡು, ನಲವತ್ತು ಅಡಿ ದೂರದಲ್ಲಿಟ್ಟ ಮೊರದೊಳಗೆ ಆ ತುಣುಕನ್ನು ಇಳಿಸುವ ಪ್ರಯತ್ನದಲ್ಲಿ. ಎರಡು ತಿಂಗಳು ಹಿಡಿಯಿತು. ಮೊರದೊಳಗೆ ಹತ್ತರಲ್ಲಿ ಆರು ಸಲ ಇಳಿಸಬಲ್ಲಿರಾದರೆ ಬೆಂಗ್ರೆಗೆ ಧೈರ್ಯವಾಗಿ ಹೋಗಬಹುದು.

ವೇದಾವತಿಗೆ ಕಟ್ಟಿದ ನಿಮ್ಮ ಮಾರಿಕಣಿವೆಯಾಗಲಿ, ಚನ್ನಗಿರಿಯ ಸೂಳೆಕೆರೆಯಾಗಲಿ ವಿಶಾಲವಾದ ನೀರು. ಜಿಲೇಬಿ ಮೀನು ಚಿಕ್ಕ ಫ್ಲೈಗೆ ಚೆನ್ನಾಗಿಯೇ ಎರಗುತ್ತದೆ. ಜೊಂಡಿನ ಅಂಚಿನಲ್ಲಿ ಕಾಯುವ ಕೊರವ ಇನ್ನೂ ಜೋರು. ಆದರೆ ನಮ್ಮ ಕಡೆಯ ಕೆರೆ, ಜಲಾಶಯಗಳ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೋ ಮೀನುಗಾರರ ಸಹಕಾರ ಸಂಘಕ್ಕೋ ಹೋಗಿರುತ್ತದೆ, ಮತ್ತು ಒಳನಾಡು ಮೀನುಗಾರಿಕೆಗೆ ರಾಜ್ಯದಲ್ಲಿ 1996ರ ಕಾಯ್ದೆಯೂ ಇದೆ. ಮೊದಲು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಹಕ್ಕು ಪಡೆದವರನ್ನು ಕಂಡು ಕೇಳಿಕೊಳ್ಳಿ. ನನ್ನ ಅನುಭವದಲ್ಲಿ, ಹಿಡಿದದ್ದನ್ನು ನೀರಿಗೇ ಬಿಡುತ್ತೇನೆಂದು ಹೇಳಿದವರನ್ನು ಅವರು ಬೇಡವೆಂದದ್ದು ಕಡಿಮೆ. ದಾವಣಗೆರೆಯ ಕುಂದವಾಡ ಕೆರೆ ಕುಡಿಯುವ ನೀರಿನದು. ಅಲ್ಲಿ ಬೇಡವೇ ಬೇಡ.

ಪ್ರಶ್ನೆ: ಕರಾವಳಿಗೆ ಹೋಗುವ ದಾರಿಯಲ್ಲಿ ಘಟ್ಟದ ಹೊಳೆಗಳಲ್ಲಿ ಮಹಶೀರ್ ಹಿಡಿಯಬಹುದೆಂದು ಗೆಳೆಯರು ಹೇಳುತ್ತಾರೆ. ನಿಜವೇ?
— ಓದುಗರೊಬ್ಬರು, ಹೊನ್ನಾಳಿ

ಉತ್ತರ: ದಯವಿಟ್ಟು ಆ ದಾರಿಗೆ ಹೋಗಬೇಡಿ. ಶೃಂಗೇರಿಯ ತುಂಗೆಯಲ್ಲೂ ಶಿಶಿಲದ ಕಪಿಲೆಯಲ್ಲೂ ಕಾಣುವ ದೊಡ್ಡ ಮೀನುಗಳು ದೇವರ ಮೀನುಗಳು, ಜನರ ಭಕ್ತಿಯೊಂದರಿಂದಲೇ ತಲೆಮಾರುಗಳ ಕಾಲ ಉಳಿದುಬಂದವು. ಅಭಯಾರಣ್ಯದೊಳಗಿನ ಹೊಳೆಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗಾಳವನ್ನು ತಡೆಯುತ್ತದೆ. ಕಾವೇರಿ ಕೊಳ್ಳದ ಗೂನುಬೆನ್ನಿನ ಮಹಶೀರ್ ಅನ್ನು 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಪಟ್ಟಿಗೆ ಸೇರಿಸಲಾಯಿತು. ಹಿಂದೆ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ ಅವರು ಭಾರತದ ಗಾಳದ ಮೀನುಗಾರಿಕೆಯ ಮೇಲೆ ಬರೆದ ಇಂಗ್ಲಿಷ್ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಗಿತ್ತು. ಅಂದಿನ ಹೊಳೆಗಳ ಸಮೃದ್ಧಿಯನ್ನು ನೆನೆದು ಇಂದು ಅದೇ ಬೇಟೆಗೆ ಇಳಿಯುವುದು ನ್ಯಾಯವಲ್ಲ. ಘಟ್ಟದಲ್ಲಿ ಚಹಾ ಕುಡಿಯಿರಿ, ಕೋಲನ್ನು ಅಳಿವೆಯಲ್ಲಿ ಬಿಚ್ಚಿ.

ಪ್ರಶ್ನೆ: ಉಪ್ಪುನೀರಿಗೆ ಎಂಥ ಸಲಕರಣೆ ಬೇಕು? ಬೇರೆ ಏನು ಎಚ್ಚರ ವಹಿಸಬೇಕು?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಒಂಬತ್ತು ಅಡಿಯ, ಎಂಟನೇ ನಂಬರಿನ ಕೋಲು ಅಳಿವೆಯ ಗಾಳಿಗೂ ಕೆಂಬೇರಿಯ ಎಳೆತಕ್ಕೂ ಸಾಕು. ಕಾಣೆಗೆಂದೇ ಹೋಗುವವರಿಗೆ ಆರನೆಯದು ಹಿತ. ಹುಸಿಹುಳಗಳಲ್ಲಿ ಕ್ಲೌಸರ್ ಮಿನ್ನೋ ಒಂದನ್ನು ಕಟ್ಟಲು ಕಲಿತರೆ ಮುಕ್ಕಾಲು ಕೆಲಸ ಮುಗಿಯಿತು. ಅದರ ಕಣ್ಣಿನ ಜಾಗದಲ್ಲಿರುವ ಲೋಹದ ಗುಂಡುಗಳ ಭಾರಕ್ಕೆ ಕೊಕ್ಕೆ ಮಗುಚಿ ಮೊನೆ ಮೇಲ್ಮುಖವಾಗುವುದರಿಂದ ಕಲ್ಲು, ಬೇರುಗಳಿಗೆ ಸಿಕ್ಕುವುದು ಕಡಿಮೆ. ರೀಲಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಉಪ್ಪುನೀರಿಗೆ ಆಗುತ್ತದೆಂದು ಅಂಗಡಿಯವರು ಹೇಳಿ ಕೊಟ್ಟ ನನ್ನ ಮೊದಲ ರೀಲು ಎರಡನೇ ಪ್ರವಾಸದ ವೇಳೆಗೆ ಒಳಗೆ ಬಿಳಿ ಹಿಟ್ಟು ಕಟ್ಟಿ ತಿರುಗುವುದನ್ನೇ ನಿಲ್ಲಿಸಿತು. ಅಂಗಡಿಯ ತಪ್ಪು ಅರ್ಧ, ತೊಳೆಯದೆ ಚೀಲದಲ್ಲಿಟ್ಟು ರಾತ್ರಿ ಬಸ್ಸಿನಲ್ಲಿ ದಾವಣಗೆರೆಗೆ ತಂದ ನನ್ನ ತಪ್ಪು ಅರ್ಧ. ಈಗ ಐದು ಲೀಟರ್ ಸಿಹಿನೀರಿನ ಕ್ಯಾನ್ ಒಂದನ್ನು ಜೊತೆಗೆ ಒಯ್ದು ದಂಡೆಯಲ್ಲೇ ತೊಳೆಯುತ್ತೇನೆ.

ನೀರಿಗೆ ಇಳಿದಾಗ ಹೆಜ್ಜೆ ಎತ್ತಿ ಇಡಬೇಡಿ, ಪಾದವನ್ನು ಮರಳಿನಲ್ಲಿ ಜಾರಿಸುತ್ತ ನಡೆಯಿರಿ. ಮರಳಿನಡಿ ಮಲಗಿರುವ ತೊರಕೆ ಮೀನು ಪಾದ ತಾಗಿದರೆ ಸರಿದು ಹೋಗುತ್ತದೆ, ಮೇಲೆ ತುಳಿದರೆ ಬಾಲದ ಮುಳ್ಳನ್ನು ಬೀಸುತ್ತದೆ. ಚುಚ್ಚಿದರೆ ಗಾಯವನ್ನು ತಾಳಬಲ್ಲಷ್ಟು ಬಿಸಿಯ ನೀರಿನಲ್ಲಿ ಅದ್ದಿಟ್ಟುಕೊಂಡೇ ಆಸ್ಪತ್ರೆಗೆ ಹೊರಡಬೇಕು. ಶೇಡೆ ಮೀನು ಸಿಕ್ಕಿದರೆ ಅದರ ಬೆನ್ನಿನ ಮತ್ತು ಪಕ್ಕದ ಮುಳ್ಳುಗಳಿಗೆ ಕೈ ತಾಗಿಸದೆ ಇಕ್ಕಳದಿಂದ ಕೊಕ್ಕೆ ಬಿಡಿಸಿ. ಹೊಟ್ಟೆ ಉಬ್ಬಿಸಿಕೊಳ್ಳುವ ಗುಂಡು ಮೀನನ್ನು ಎಷ್ಟೇ ದೊಡ್ಡದಿದ್ದರೂ ಮನೆಗೆ ಒಯ್ಯಬೇಡಿ, ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ಮನೆಯಿಂದ ಹೊರಡುವ ಮುನ್ನವೇ ಪ್ರತಿ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಮೀನಿನ ಬಾಯಿಂದಲೂ ನಿಮ್ಮ ಬೆರಳಿಂದಲೂ ಅದು ಸಲೀಸಾಗಿ ಹೊರಬರುತ್ತದೆ.