ಘಾಟಿಯಲ್ಲಿ ಬ್ರೇಕ್ ಮೆತ್ತಗಾದರೆ

ಪ್ರಶ್ನೆ: ಗೆಳೆಯರೆಲ್ಲ ಸ್ಪೋರ್ಟ್ಸ್ ಕಾರುಗಳಲ್ಲಿ ಆಗುಂಬೆ ಘಾಟಿ ಇಳಿದೆವು. ಸೋಮೇಶ್ವರ ಹತ್ತಿರವಾದಂತೆ ನನ್ನ ಬ್ರೇಕ್ ಪೆಡಲ್ ಮೆತ್ತಗಾಗಿ ಆಳಕ್ಕಿಳಿಯಿತು. ಪ್ಯಾಡ್ ಹೊಸದು. ಕಾರಣವೇನು?
– ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಬ್ರೇಕ್ ಆಯಿಲ್ ನೋಡಿಸಿ. ಅದು ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಕೇಳಬೇಕೇ! ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ್ದು 155ರ ಆಸುಪಾಸಿನಲ್ಲೇ ಕುದಿಯಬಹುದು. ಕುದಿದರೆ, ಚಕ್ರದ ಡಿಸ್ಕ್ ತಟ್ಟೆಗೆ ಪ್ಯಾಡ್ ಒತ್ತುವ ಕ್ಯಾಲಿಪರ್‌ನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಕಾಲಿನ ಒತ್ತಡವೆಲ್ಲ ಅದನ್ನು ಅಮುಕುವುದಕ್ಕೇ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ, ನಾಲ್ಕೂ ಚಕ್ರಗಳ ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿ ತೆಗೆಸಿ.

ಆ 14 ಹೇರ್‌ಪಿನ್ ತಿರುವುಗಳನ್ನು ಎರಡನೇ ಗೇರಿನಲ್ಲೇ ಇಳಿಯಿರಿ. ತಿರುವಿಗೆ ಮುಂಚೆ, ನೇರ ರಸ್ತೆಯಲ್ಲೇ ಬ್ರೇಕ್ ಒತ್ತಿ, ಕಾಲು ತೆಗೆಯಿರಿ. ಉದ್ದಕ್ಕೂ ಕಾಲಿಟ್ಟುಕೊಂಡು ಇಳಿಯುವುದೇ ಬಿಸಿಗೆ ಮೂಲ. ಸುಟ್ಟ ವಾಸನೆ ಬಂದರೆ ಅಗಲ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಆರಲು ಬಿಡಿ. ಕಾದ ಡಿಸ್ಕ್‌ಗೆ ಖಂಡಿತ ನೀರು ಹೊಯ್ಯಬೇಡಿ, ಸೊಟ್ಟಗಾದೀತು.