ಸಂಪಾದಕರ ಉತ್ತರ: ಒಳಗಿನ ಹೊಗೆ ಬೇರೆ, ಹೊರಗಿನ ಹೊಗೆ ಬೇರೆ

ಪತ್ರ ಬರೆದ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಪತ್ರ ಉದ್ದವಿದೆ, ಸಿಟ್ಟೂ ಜೋರಾಗಿಯೇ ಇದೆ. ಉಳಿದ ಓದುಗರಿಗೆ ಅರ್ಥವಾಗಲಿ ಎಂದು ಅದರ ಸಾರ ಮೊದಲು ಹೇಳಿಬಿಡುತ್ತೇನೆ. ನೀವು ಬಹಳ ವರ್ಷಗಳಿಂದ ಸಿಗರೇಟು ಸೇದುವವರು. ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಷೇಧ ಬೇಕು ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ನಿಮಗೆ ಹಿಡಿಸಿಲ್ಲ. ಪಕ್ಕದವರ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎನ್ನುವುದು ಉಬ್ಬಿಸಿದ ಮಾತು, ನಿಷೇಧ ಬಂದ ಕಡೆ ಹಾರ್ಟ್ ಅಟ್ಯಾಕ್ ಇಳಿಯಿತು ಎನ್ನುವುದು ಸುಳ್ಳು ಲೆಕ್ಕ, ಒಳ್ಳೆ ಫ್ಯಾನ್ ಇರುವ ಒಂದು ಕೋಣೆ ಕೊಟ್ಟರೆ ಜಗಳವೇ ಇರುವುದಿಲ್ಲ, ಉಳಿದದ್ದನ್ನು ಜಾಗದ ಮಾಲೀಕನಿಗೆ ಬಿಡಿ, ಬೇಡವಾದವರು ಬರದೇ ಇರಲಿ. ಇದು ನಿಮ್ಮ ವಾದ. ಕೊನೆಗೊಂದು ಪ್ರಶ್ನೆ: ‘ಹಾಗಾದರೆ ನಾವೆಲ್ಲಿ ಸೇದಬೇಕು, ನೀವೇ ಹೇಳಿ.’

ಉಬ್ಬಿಸಿದ ಮಾತು ಎಂದಿರಲ್ಲ, ಅದರಲ್ಲಿ ಅರ್ಧ ನಿಜ ಇದೆ. ಅಮೆರಿಕ ಸರ್ಕಾರದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯ ನೋಡಿಕೊಳ್ಳುವ ಹಿರಿಯ ವೈದ್ಯಾಧಿಕಾರಿ, 2006ರಲ್ಲಿ ಕೊಟ್ಟ ವರದಿಯ ಪ್ರಕಾರ, ಮನೆಯಲ್ಲೋ ಕೆಲಸದ ಜಾಗದಲ್ಲೋ ಬೇರೆಯವರ ಹೊಗೆ ಕುಡಿಯುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 20ರಿಂದ 30ರಷ್ಟು ಜಾಸ್ತಿ. ಸ್ವತಃ ಸೇದುವವರಿಗೆ ಅದು 15ರಿಂದ 30 ಪಟ್ಟು. ಶೇಕಡಾ ಮತ್ತು ಪಟ್ಟು, ಎರಡೂ ಒಂದೇ ಅಲ್ಲ ಅಲ್ವಾ? ಅದರ ಮೇಲೆ, ಸೇದದವರಿಗೆ ಈ ಕ್ಯಾನ್ಸರ್ ಬರುವುದೇ ಅಪರೂಪ. ಅಪರೂಪದ ಮೇಲೆ ಕಾಲು ಭಾಗ ಸೇರಿಸಿದರೂ ಅದು ಅಪರೂಪವೇ. ದಾರಿಯಲ್ಲಿ ಯಾರೋ ಬಿಟ್ಟ ಹೊಗೆ ಮೂಗಿಗೆ ಬಡಿದ ಮಾತ್ರಕ್ಕೆ ‘ನನ್ನ ಆಯಸ್ಸು ಕಡಿಮೆಯಾಯಿತು’ ಎಂದು ಕೂಗಾಡುವವರನ್ನು ಕಂಡರೆ ನನಗೂ ಕಿರಿಕಿರಿಯಾಗುತ್ತದೆ.

ಆದರೆ ಇಲ್ಲಿಗೇ ಲೆಕ್ಕ ಮುಗಿಯುವುದಿಲ್ಲ. ಅದೇ ವರದಿ ಹೃದ್ರೋಗದ ಸಾಧ್ಯತೆ ಶೇ. 25ರಿಂದ 30ರಷ್ಟು ಏರುತ್ತದೆ ಎನ್ನುತ್ತದೆ. ಹೃದ್ರೋಗ ಅಪರೂಪದ ಕಾಯಿಲೆ ಅಲ್ಲ. ಎಲ್ಲರ ಮನೆಯಲ್ಲೂ ಯಾರಿಗಾದರೂ ಇರುವಂಥದ್ದು, ಹಾಗಾಗಿ ಅದರ ಮೇಲೆ ಕಾಲು ಭಾಗ ಸೇರಿದರೆ ಲಕ್ಷಗಟ್ಟಲೆ ಜನರ ಮಾತಾಗುತ್ತದೆ. ಅರ್ಧ ಗಂಟೆ ಹೊಗೆಯಲ್ಲಿ ಕೂತರೂ ಸಾಕು, ರಕ್ತನಾಳದ ಒಳಪದರ ಸರಿಯಾಗಿ ಕೆಲಸ ಮಾಡುವುದಿಲ್ಲ, ರಕ್ತ ಹೆಪ್ಪುಗಟ್ಟಿಸುವ ಕಣಗಳು ಅಂಟಂಟಾಗುತ್ತವೆ. ಬೇರೆಯವರ ಹೊಗೆಯಿಂದ ಪ್ರತಿ ವರ್ಷ ಜಗತ್ತಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಕ್ಯಾನ್ಸರ್ ಎಂಬ ಹೆಸರಿಗೆ ಹೆದರಿಕೆ ಜಾಸ್ತಿ, ಅದಕ್ಕೇ ಪ್ರಚಾರದಲ್ಲಿ ಅದನ್ನೇ ಮುಂದೆ ಮಾಡುತ್ತಾರೆ. ಹೃದಯದ ಕಥೆ ಹಿಂದೆ ಉಳಿಯುತ್ತದೆ.

ಇನ್ನು ‘ನಾನು ಎಳೆದು ಬಿಟ್ಟ ಮೇಲೆ ಹೊಗೆಯಲ್ಲಿ ಇನ್ನೇನು ಉಳಿದಿರುತ್ತದೆ’ ಎಂದು ಕೇಳಿದ್ದೀರಿ. ನೀವು ಬಿಟ್ಟ ಹೊಗೆ ಅದರಲ್ಲಿ ಸ್ವಲ್ಪ ಭಾಗ ಮಾತ್ರ. ಮುಂದಿನ ಸಲ ಒಂದು ದಮ್ಮು ಎಳೆದು, ಇನ್ನೊಂದು ಎಳೆಯುವ ಮುಂಚೆ ಸಿಗರೇಟಿನ ತುದಿಯನ್ನೇ ನೋಡಿ. ಸಣ್ಣ ನೀಲಿ ಎಳೆ ನೆಟ್ಟಗೆ ಮೇಲೇಳುತ್ತಿರುತ್ತದೆ. ಪಕ್ಕದವರು ಕುಡಿಯುವ ಹೊಗೆಯಲ್ಲಿ ಹೆಚ್ಚಿನ ಪಾಲು ಅದೇ. ನೀವು ಎಳೆಯುವಾಗ ತುದಿಯ ಕೆಂಡ ಸುಮಾರು 900 ಡಿಗ್ರಿ ಬಿಸಿಯಾಗುತ್ತದೆ, ಸುಮ್ನೆ ಕೈಯಲ್ಲಿ ಹಿಡಿದಾಗ 600ರ ಆಸುಪಾಸಿಗೆ ಇಳಿಯುತ್ತದೆ. ಬಿಸಿ ಕಡಿಮೆ, ಆಮ್ಲಜನಕ ಕಡಿಮೆ, ಎಲೆ ಅರೆಬರೆ ಬೇಯುತ್ತದೆ. ಹಾಗಾಗಿ ಅಮೋನಿಯಾ ಮತ್ತು ನೈಟ್ರೋಸಮೀನ್ ಜಾತಿಯ ಕೆಲವು ಕ್ಯಾನ್ಸರ್‌ಕಾರಕಗಳು ನೀವು ಬಾಯಿಗೆ ಎಳೆದುಕೊಳ್ಳುವ ಹೊಗೆಗಿಂತ ಈ ನೀಲಿ ಎಳೆಯಲ್ಲೇ ಜಾಸ್ತಿ. ನಿಮ್ಮ ಪಾಲಿನದ್ದು ಫಿಲ್ಟರ್ ದಾಟಿ ಬರುತ್ತದೆ, ಇದಕ್ಕೆ ಫಿಲ್ಟರೂ ಇಲ್ಲ. ಗಾಳಿಯಲ್ಲಿ ಬೆರೆತು ತೆಳುವಾಗುವುದೊಂದೇ ಇದಕ್ಕಿರುವ ಮದ್ದು, ಮುಚ್ಚಿದ ಕೋಣೆಯಲ್ಲಿ ಅದಕ್ಕೂ ದಾರಿ ಕಮ್ಮಿ.

ಈ ವಿಚಾರವನ್ನು ಮೊದಲು ದೊಡ್ಡದಾಗಿ ಎತ್ತಿದವರಲ್ಲಿ ಒಬ್ಬರು ಜಪಾನಿನ ಸಂಶೋಧಕ ತಾಕೇಶಿ ಹಿರಾಯಾಮಾ. ಸ್ವತಃ ಸೇದದ 91,540 ಹೆಂಗಸರನ್ನು 14 ವರ್ಷ ಗಮನಿಸಿ 1981ರಲ್ಲಿ ಬರೆದರು: ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ. ತಂಬಾಕು ಕಂಪನಿಗಳು ಅವರ ಮೇಲೆ ಮುಗಿಬಿದ್ದವು, ಅವರ ಲೆಕ್ಕವೇ ತಪ್ಪು ಎಂದು ಜಾಹೀರಾತು ಕೂಡ ಕೊಟ್ಟವು. ಎಷ್ಟೋ ವರ್ಷದ ಮೇಲೆ ಕಂಪನಿಗಳ ಒಳಗಿನ ಕಾಗದಪತ್ರ ಹೊರಬಂದಾಗ, ಹಿರಾಯಾಮಾ ಹೇಳಿದ್ದೇ ಸರಿ ಎಂದು ಆ ಉದ್ಯಮದ ಕಡೆಯ ತಜ್ಞರೇ ಆಗಲೇ ಒಪ್ಪಿದ್ದರು ಎಂದು ಗೊತ್ತಾಯಿತು. ಪಕ್ಕದವರ ಹೊಗೆಯ ವಿಚಾರದಲ್ಲೂ ಈ ಕಂಪನಿಗಳು ಜನರಿಗೆ ಮೋಸ ಮಾಡಿವೆ ಎಂದು 2006ರಲ್ಲಿ ಅಮೆರಿಕದ ನ್ಯಾಯಾಧೀಶೆ ಗ್ಲ್ಯಾಡಿಸ್ ಕೆಸ್ಲರ್ ತೀರ್ಪು ಕೊಟ್ಟರು. ‘ಇನ್ನೂ ಚರ್ಚೆ ಮುಗಿದಿಲ್ಲ’ ಎಂದು ನೀವು ಬರೆದಿದ್ದೀರಿ. ಆ ಚರ್ಚೆಯನ್ನು ಮುಗಿಯದಂತೆ ನೋಡಿಕೊಳ್ಳಲು ದುಡ್ಡು ಸುರಿದವರು ಯಾರು ಎಂದೂ ಸ್ವಲ್ಪ ಯೋಚಿಸಿ.

ಹಾರ್ಟ್ ಅಟ್ಯಾಕ್ ಲೆಕ್ಕಕ್ಕೆ ಬರೋಣ. ನಿಮ್ಮ ಗುಮಾನಿಗೆ ಕಾರಣ ಇದೆ. ಅಮೆರಿಕದ ಮೊಂಟಾನಾ ರಾಜ್ಯದ ಹೆಲೆನಾ ಎಂಬ ಸಣ್ಣ ಊರಿನಲ್ಲಿ 2002ರಲ್ಲಿ ಆರು ತಿಂಗಳು ನಿಷೇಧ ಇತ್ತು. ಉಳಿದ ವರ್ಷಗಳ ಅದೇ ತಿಂಗಳುಗಳಲ್ಲಿ ಸರಾಸರಿ 40 ಜನ ಹಾರ್ಟ್ ಅಟ್ಯಾಕ್ ಆಗಿ ಆಸ್ಪತ್ರೆ ಸೇರುತ್ತಿದ್ದರೆ, ಆ ಆರು ತಿಂಗಳಲ್ಲಿ 24 ಜನ. ಶೇ. 40 ಇಳಿಕೆ ಎಂದು ಜಗತ್ತಿಡೀ ಸುದ್ದಿಯಾಯಿತು. ಆದರೆ 40, 24 ಎಲ್ಲ ತೀರಾ ಸಣ್ಣ ಸಂಖ್ಯೆಗಳು, ಸುಮ್ನೆ ಕಾಕತಾಳೀಯವಾಗಿಯೂ ಏರಿಳಿಯಬಹುದು. ಆಮೇಲೆ ಸ್ಕಾಟ್ಲೆಂಡ್‌ನಲ್ಲಿ ನೋಡಿದಾಗ ಇಳಿಕೆ ಶೇ. 17 ಎಂದು ಬಂತು. ಇಂಗ್ಲೆಂಡ್‌ನಲ್ಲಿ ಇಡೀ ದೇಶದ ಆಸ್ಪತ್ರೆ ದಾಖಲೆ ಹಿಡಿದು ಲೆಕ್ಕ ಹಾಕಿದರೆ ಶೇ. 2.4. ಊರು ದೊಡ್ಡದಾದಷ್ಟೂ ಲಾಭ ಸಣ್ಣದಾಗಿ ಕಾಣಿಸಿತು. ಹಾಗೆಂದು ಸುಳ್ಳು ಅನ್ನಬಹುದೇ? ಇಂಗ್ಲೆಂಡಿನ ಆ ಶೇ. 2.4 ಎಂದರೆ ಮೊದಲ ವರ್ಷ ಸಾವಿರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರದೆ ಉಳಿದರು ಎಂದರ್ಥ. ನಾನಂತೂ ಹೆಲೆನಾ ಬಿಟ್ಟು ಇಂಗ್ಲೆಂಡಿನ ಅಂಕಿಯನ್ನೇ ಹಿಡಿಯುತ್ತೇನೆ. ನಿಷೇಧದ ಪರ ಮಾತಾಡುವವರೂ ಹಾಗೇ ಮಾಡಿದರೆ ನಿಮ್ಮಂಥವರ ಅರ್ಧ ಸಿಟ್ಟು ಇಳಿಯುತ್ತದೆ ಅನಿಸುತ್ತದೆ.

ಫ್ಯಾನ್ ಹಾಕಿದ ಕೋಣೆ. ಕೇಳಲು ಚೆನ್ನಾಗಿದೆ, ಕೆಲಸ ಮಾಡುವುದಿಲ್ಲ. ಹೊಗೆಯ ಕಣಗಳು ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ) ಸಣ್ಣವು, ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ. ಕಣಗಳನ್ನು ಫಿಲ್ಟರ್ ಹಿಡಿದರೂ ಅನಿಲಗಳು ನುಸುಳುತ್ತವೆ. ಬಾಗಿಲು ತೆಗೆದಾಗಲೆಲ್ಲ ಒಂದಿಷ್ಟು ಹೊರಗೆ ಬರುತ್ತದೆ. ಇದನ್ನು ಹೇಳುತ್ತಿರುವವರು ಡಾಕ್ಟರುಗಳು ಮಾತ್ರ ಅಲ್ಲ, ಫ್ಯಾನ್ ಮತ್ತು ಏಸಿ ವಿಷಯದಲ್ಲಿ ಮಾನದಂಡ ಬರೆಯುವ ಅಮೆರಿಕದ ಇಂಜಿನಿಯರುಗಳ ಸಂಘ ಆಶ್ರೇ ಕೂಡ 2005ರಲ್ಲೇ ಇದನ್ನು ಹೇಳಿತು: ಒಳಗೆ ಸೇದದಿರುವುದು ಬಿಟ್ಟರೆ ಬೇರೆ ಉಪಾಯ ಇಲ್ಲ. ಫ್ಯಾನ್ ಮಾರಿದರೆ ಲಾಭವಾಗುವ ಕಸುಬಿನವರೇ ಫ್ಯಾನ್ ಸಾಲದು ಎಂದಾಗ ನಾನು ನಂಬುತ್ತೇನೆ.

ಆ ಕೋಣೆಯ ಬೂದಿ ಬಟ್ಟಲು ಖಾಲಿ ಮಾಡುವವರು ಯಾರು, ಹೇಳಿ. ನಿಮ್ಮ ಪತ್ರದಲ್ಲಿ ಇಬ್ಬರೇ ಇದ್ದಾರೆ: ಸೇದುವ ಗಿರಾಕಿ, ಮೂಗು ಮುರಿಯುವ ಗಿರಾಕಿ. ಎಂಟು ಗಂಟೆ ಅದೇ ಗಾಳಿಯಲ್ಲಿ ನಿಂತು ತಟ್ಟೆ ಎತ್ತುವವರು, ಲೋಟ ತೊಳೆಯುವವರು, ನೆಲ ಒರೆಸುವವರು ಇಲ್ಲವೇ ಇಲ್ಲ. ನಿಷೇಧದ ನಿಜವಾದ ವಾದ ಇರುವುದು ಅವರ ಹೆಸರಿನಲ್ಲಿ. ‘ಬೇಡವಾದವರು ಬರದೇ ಇರಲಿ’ ಎಂದು ಗಿರಾಕಿಗೆ ಹೇಳಬಹುದು, ಸಂಬಳಕ್ಕೆ ಬರುವವರಿಗೆ ಹೇಳುವುದು ಹೇಗೆ? ತನ್ನ ಕಟ್ಟಡದಲ್ಲಿ ಕರೆಂಟಿನ ತಂತಿ ಬರಿಮೈಯಲ್ಲಿ ಬಿಡುವ ಹಕ್ಕು ಮಾಲೀಕನಿಗಿಲ್ಲ ಎಂದರೆ ನೀವು ಒಪ್ಪುತ್ತೀರಿ. ಇದೂ ಅಂಥದ್ದೇ.

ವಿಮಾನದಲ್ಲಿ ಮೊದಲು ಸೇದುವವರ ಸಾಲು ಬೇರೆ, ಸೇದದವರ ಸಾಲು ಬೇರೆ ಇತ್ತು. ಸಾಲು ಮುಗಿಯುತ್ತಿತ್ತು, ಹೊಗೆ ಮುಗಿಯುತ್ತಿರಲಿಲ್ಲ. ಅಮೆರಿಕದ ಗಗನಸಖಿಯರು 1991ರಲ್ಲಿ ತಂಬಾಕು ಕಂಪನಿಗಳ ಮೇಲೆ ಕೇಸು ಹಾಕಿದರು, 1997ರಲ್ಲಿ ಕಂಪನಿಗಳು 30 ಕೋಟಿ ಡಾಲರಿಗೆ ರಾಜಿಯಾದವು. (ಇಂದಿಗೂ ವಿಮಾನದ ಟಾಯ್ಲೆಟ್ ಬಾಗಿಲ ಬಳಿ ಆಶ್‌ಟ್ರೇ ಇರಲೇಬೇಕೆಂಬ ನಿಯಮ ಇದೆ. ಕದ್ದು ಸೇದುವವನು ತುಂಡನ್ನು ಕಾಗದದ ಬುಟ್ಟಿಗೆ ಹಾಕಿ ಬೆಂಕಿ ಹಚ್ಚದಿರಲಿ ಎಂದು. ಮನುಷ್ಯರ ಬಗ್ಗೆ ಇಷ್ಟು ಚೆನ್ನಾಗಿ ತಿಳಿದು ಬರೆದ ನಿಯಮ ಕಡಿಮೆ.) ಐರ್ಲೆಂಡ್ 2004ರ ಮಾರ್ಚ್ 29ರಂದು ಇಡೀ ದೇಶದಲ್ಲಿ ನಿಷೇಧ ತಂದಾಗಲೂ ಅದು ಕೆಲಸದ ಜಾಗಗಳ ಕಾನೂನಾಗಿಯೇ ಬಂತು. ನಿಕೋಟಿನ್ ಮೈಗೆ ಸೇರಿದ ಮೇಲೆ ಕೊಟಿನಿನ್ ಆಗುತ್ತದೆ, ಜೊಲ್ಲಿನಲ್ಲಿ ಅಳೆಯಬಹುದು. ಅಲ್ಲಿನ ಬಾರ್‌ಗಳಲ್ಲಿ ಕೆಲಸ ಮಾಡುವ, ಸ್ವತಃ ಸೇದದವರಲ್ಲಿ ಅದು ಸುಮಾರು ಶೇ. 80 ಇಳಿಯಿತು. ಇದು ಹಾರ್ಟ್ ಅಟ್ಯಾಕ್ ಲೆಕ್ಕದ ಹಾಗಲ್ಲ, ನೇರ ಅಳತೆ.

ಈಗ ನಿಮ್ಮ ಪ್ರಶ್ನೆ, ಎಲ್ಲಿ ಸೇದಬೇಕು? ಹೊರಗೆ. ಇಲ್ಲಿ ನಾನು ನಿಷೇಧದವರ ಜೊತೆ ಪೂರ್ತಿ ಇಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2007ರಲ್ಲಿ ಬಯಲಿನ ಹೊಗೆಯನ್ನು ಅಳೆದರು. ಅರ್ಧ ಮೀಟರ್ ದೂರದಲ್ಲಿ ಕೂತರೆ ಚೆನ್ನಾಗಿಯೇ ತಟ್ಟುತ್ತದೆ, ಎರಡು ಮೀಟರ್ ದಾಟಿದರೆ ಹೆಚ್ಚೂಕಡಿಮೆ ಏನೂ ಇಲ್ಲ, ಸಿಗರೇಟು ಆರಿದ ಕೂಡಲೇ ಗಾಳಿ ಶುದ್ಧ. ಹಾಗಿದ್ದ ಮೇಲೆ ಖಾಲಿ ಕಡಲತೀರದಲ್ಲಿ, ದೊಡ್ಡ ಪಾರ್ಕಿನ ಮೂಲೆಯಲ್ಲಿ ಒಬ್ಬರೇ ಸೇದುವವರಿಗೆ ‘ಬೇರೆಯವರ ಆರೋಗ್ಯ’ ಎಂದು ದಂಡ ಹಾಕುವುದು ಸರಿಯಲ್ಲ. ತುಂಡುಗಳ ಕಸ, ಮಕ್ಕಳು ನೋಡಿ ಕಲಿಯುವುದು, ಬಿಡಬೇಕೆಂದಿರುವವರಿಗೆ ನೆರವು, ಇವೆಲ್ಲ ಬೇರೆ ಕಾರಣಗಳು, ಅವನ್ನು ಅವುಗಳ ಹೆಸರಿನಲ್ಲೇ ವಾದಿಸಲಿ. ವಾಸನೆ ಹಿಡಿಸದಿರುವುದು ಬೇರೆ, ಅಪಾಯ ಬೇರೆ. ಆದರೆ ಬಾಗಿಲ ಬಳಿ, ಕಿಟಕಿ ಕೆಳಗೆ, ಸಾಲಿನಲ್ಲಿ ನಿಂತವರ ನಡುವೆ ಬೇಡ. ಅದು ಹೆಸರಿಗೆ ಮಾತ್ರ ಹೊರಗೆ.

ಮನೆಯ ವಿಷಯ ನೀವು ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಕಾನೂನು ಅಲ್ಲಿಗೆ ಬರುವುದಿಲ್ಲ, ಹೊಗೆ ಮಾತ್ರ ಅಲ್ಲೇ ಜಾಸ್ತಿ. ಸ್ಕಾಟ್ಲೆಂಡ್‌ನಲ್ಲಿ ನಿಷೇಧದ ನಂತರ ಶಾಲಾ ಮಕ್ಕಳ ಜೊಲ್ಲಿನಲ್ಲಿ ಕೊಟಿನಿನ್ ಶೇ. 39ರಷ್ಟು ಇಳಿಯಿತು, ಆದರೆ ತಾಯಿ ಅಥವಾ ತಂದೆ-ತಾಯಿ ಇಬ್ಬರೂ ಸೇದುವ ಮನೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಆಸ್ತಮಾ, ಕಿವಿ ಸೋಂಕು, ಎದೆ ಕಟ್ಟುವುದು ಈ ಮಕ್ಕಳಿಗೇ ಹೆಚ್ಚು. ಕಿಟಕಿ ತೆರೆದರೆ, ಪಕ್ಕದ ಕೋಣೆಗೆ ಹೋದರೆ ಸಾಕಾಗುವುದಿಲ್ಲ. ಮಕ್ಕಳಿರುವ ಕಾರಿನಲ್ಲಿ ಸೇದುವುದನ್ನು ಇಂಗ್ಲೆಂಡ್ 2015ರಲ್ಲಿ ನಿಲ್ಲಿಸಿತು, ಗಾಜು ಇಳಿಸಿದ್ದರೂ ತಪ್ಪೇ. ನಿಮ್ಮ ಮನೆಯಲ್ಲಿ ಮಕ್ಕಳಿದ್ದಾರೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಅಂಗಳಕ್ಕೋ ತಾರಸಿಗೋ ಹೋಗಿ ಸೇದಿ, ಬಾಗಿಲು ಹಾಕಿಕೊಂಡು ಹೋಗಿ.

ಸಂಪಾದಕ